ಹನ್ನೊಂದು ಮರಿ, ಒಂದೇ ಬಲ್ಬು

ಹೂಂ ಅನ್ನೋರಿದ್ರೆ ಹೇಳ್ತೀನಿ, ತೂಕಡಿಸೋರಿದ್ರೆ ಈಗ್ಲೇ ಎದ್ದೋಗಿ.

ಬೆಟ್ಟದ ಬುಡದಲ್ಲಿ ಒಂಟಿಮನೆ. ಅಲ್ಲಿ ನಿಂಗಾಜಮ್ಮ, ಅವಳ ಮಗ ಜವರ. ವಯಸ್ಸು ಮೂವತ್ತು, ಬುದ್ಧಿ ಮೂರು! ಮಗಳು ಚೆಲುವಿ ಮದುವೆಯಾಗಿ ಹೋಗಿ ಎರಡು ವರ್ಷ, ಒಂದ್ಸಲನೂ ತೌರಿಗೆ ಬಂದಿಲ್ಲ. ಈಗ ಬಸುರಿ. ಅವಳತ್ತೆ ಖಡಾಖಂಡಿತ ಹೇಳಿಬಿಟ್ಟಿದ್ಲು: "ಬಾಣಂತಿ ಸಾರಿಗೆ ನಿಮ್ಮನೇಲಿ ಕೋಳಿ ಇದ್ರೆ ಬಿಟ್ಟು ಬತ್ತೀನಿ. ಇಲ್ದಿದ್ರೆ ವಾಪಸ್ಸು!" ಕೋಳಿ ಎಲ್ಲಿ? ಇದ್ದೊಂದು ತಾಯಿ ಹೇಂಟೆನ ನರಿ ಹೊತ್ಕೊಂಡು ಹೋಗಿತ್ತು. ಉಳಿದದ್ದು ಹನ್ನೊಂದು ಹಸಿ ಮರಿ.

ಆ ಮನೆಗೆ ಕರೆಂಟು ಕಂಬ ಬಂದಿಲ್ಲ. ಒಂದು ಸೋಲಾರು, ಒಂದು ಬ್ಯಾಟ್ರಿ, ಉರಿದ್ರೆ ಬಿಸಿ ಕೊಡೋ ಒಂದು ಹಳೇ ಬಲ್ಬು.

"ಮರಿ ಇರೋ ಮಂಕರಿ ಬುಟ್ಟಿ ಮೇಲೆ ಬಲ್ಬು ಕಟ್ಟು. ಅದು ಆರಕ್ಕೆ ಬುಡಬ್ಯಾಡ ಕಣ್ಲಾ!" ಅಂತ ಅವ್ವ ಕಳೆ ಕೀಳಕ್ಕೆ ಹೋದ್ಲು. ಜವರ ಬಿಟ್ನಾ? ಸುಡುಬಿಸಿಲಲ್ಲೂ ಉರಿಸಿದ. ಸಂಜೆಗೆ ಬ್ಯಾಟ್ರಿ ಖಾಲಿ! ಅವ್ವ ಮರಿಗಳ್ನ ಮಡಿಲಿಗೆ ಹಾಕ್ಕೊಂಡು ಕೂತ್ಲು.

"ಅಯ್ಯೋ ಮುಂಡೇದೇ! ಚಳಿ ಆದ್ರೆ ಮಾತ್ರ ಹಾಕ್ಲಾ! ಮರಿ ಒತ್ತೊತ್ತಾಗಿ ಗುಂಪು ಕಟ್ಟಿದ್ರೆ ಚಳಿ ಅಂತ. ಆಗ ಗೋಣಿಚೀಲ ಹೊದಿಸಿ ಬಲ್ಬು ಹಾಕು."

"ಆಯ್ತು ಕನವ್ವ. ಚೆಲುವಿ ಯಾವಾಗ ಬತ್ತಾಳೆ?"

"ಬತ್ತಾಳೆ, ಸುಮ್ಕಿರು."

ಮಾರನೇ ದಿನ ಮಟಮಟ ಮಧ್ಯಾಹ್ನ ಮರಿಗಳು ರಾಗಿನುಚ್ಚಿಗೆ ಗುಂಪು ಕಟ್ಟಿದ್ವು. ಗುಂಪು ಕಂಡದ್ದೇ ತಡ, ಹೊದಿಸಿದ ಗೋಣಿ! ಹಾಕಿದ ಬಲ್ಬು! ಅವ್ವ ಬಂದು ತೆಗೆದಾಗ ಮರಿಗಳು ಬಾಯಿ ಬಿಡ್ತಿದ್ವು.

"ನಿನ್ನ ಬುದ್ಧಿಗೆ ಬೆಂಕಿ ಬೀಳಾ! ತಿನ್ನಕ್ಕೆ ಸೇರಿದ್ರೆ ಚಳಿಯೇನ್ಲಾ? ಗುಂಪು ಕಟ್ಕೊಂಡು ಅಳ್ಬೇಕು, ಆಗ ಚಳಿ! ಬಲ್ಬು ಸಾಲ್ದಿದ್ರೆ ಬಾಟ್ಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಡು. ತಾಯಿ ಅಂತ ಒರಗ್ತವೆ."

"ಆಯ್ತು ಕನವ್ವ. ಚೆಲುವಿ ಯಾವಾಗ ಬತ್ತಾಳೆ?"

ಅವ್ವ ಮರಿಗಳ್ನ ಎಣಿಸ್ತಾ ಕೂತ್ಲು.

ಸಂಜೆ ನೋಡಿದ್ರೆ ಜವರ ಬಾಟ್ಲಿಗೆ ಚೆಲುವಿಯ ಹಳೇ ಸೀರೆ ಸುತ್ತಿ, "ಕೊಕ್ ಕೊಕ್ ಅನ್ನೇ! ನೀನೆಂಥಾ ತಾಯೇ?" ಅಂತ ಬೈತಾ ಕೂತಿದ್ದಾನೆ. ಅವ್ವ ಬೈಯಕ್ಕೆ ಬಾಯಿ ತೆಗೆದ್ಲು. ಆ ಸೀರೆ ಕಂಡ್ಲು. ಎರಡು ವರ್ಷದಿಂದ ಮಗಳ ಮುಖ ನೋಡಕ್ಕೆ ಎಷ್ಟು ಹಂಬಲಿಸಿದ್ಲೋ ಪಾಪ, ಮುಖಕ್ಕೆ ಸೆರಗು ಮುಚ್ಕೊಂಡು ಅತ್ಲು.

ಶುಕ್ರವಾರ ಹಗಲು ಹನ್ನೆರಡಕ್ಕೆ ಬೀಗಿತ್ತಿ ಚೆಲುವಿನ ಕರ್ಕೊಂಡು ಬಂದ್ಲು. ಮೊದ್ಲು ಮಂಕರಿಗೇ ಬಗ್ಗಿದ್ಲು. ಹನ್ನೊಂದೂ ಚಿಂವ್ ಚಿಂವ್!

"ಹೆರಿಗೆ ಆಗಿ ಸಾರಿಡೋ ಹೊತ್ಗೆ ಕೋಳಿ ಆಯ್ತವೆ. ಇರ್ಲಿ ಬುಡಿ ಮಗಳು," ಅಂದ್ಲು.

ಅಷ್ಟೇ! ಅವ್ವ ಮಗಳು ತಬ್ಕೊಂಡ್ರು. ತಬ್ಕೊಂಡು ಗೊಳೋ ಅಂತ ಅತ್ರು. ಜವರ ನೋಡಿದ. ಗುಂಪೂ ಕಟ್ಟವ್ರೆ, ಅಳ್ತಾನೂ ಅವ್ರೆ!

ತಂದ ಗೋಣಿಚೀಲ, ಹೊದಿಸಿದ ಇಬ್ಬರ ತಲೆಮೇಲೂ! ಎಳೆದ ಬಲ್ಬಿನ ವೈರು, ಹಿಡಿದ ಮೇಲಿಂದ!

"ಏನ್ಲಾ ಇದು ಜವರಾ?"

"ಆರಕ್ಕೆ ಬುಡಕ್ಕಿಲ್ಲ ಕನವ್ವ!"

ಗೋಣಿಯೊಳಗೆ ಅಳು, ನಗು ಎರಡೂ. ಬೈಗುಳ ಮಾತ್ರ ಬರಲಿಲ್ಲ. ನಿಂತು ಕೇಳ್ತಾ ಕೇಳ್ತಾ ಜವರನಿಗೂ ಅಳು ಬಂತು. ಅವನೂ ಎರಡು ವರ್ಷ ಕಾದಿದ್ನಲ್ಲ! ಬಲ್ಬು ಬೀಗಿತ್ತಿ ಕೈಗೆ ಕೊಟ್ಟು ತಾನೂ ಗೋಣಿಯೊಳಕ್ಕೆ ನುಗ್ಗಿದ.

"ಅತ್ತೆಮ್ಮೋ," ಅಂದ ಒಳಗಿಂದ, "ನಮಗೆ ಬಲೇ ಚಳಿ. ಆರಕ್ಕೆ ಬುಡಬ್ಯಾಡಿ!"