ತಲೆ ಬಾಚುವ ಹೊತ್ತು

"ಗುರುಗಳೇ, ಯಾರೂ ಕೇಳುವ ಮೊದಲೇ ನಾನು ಎಲ್ಲರ ಕೆಲಸ ಮಾಡಿಕೊಡುತ್ತೇನೆ. ಜ್ವರ ಬಂದವರ ಬಟ್ಟೆ ಒಗೆದಿದ್ದೇನೆ, ಕಿರಿಯರ ಎಂಜಲು ತಟ್ಟೆ ತೊಳೆದಿದ್ದೇನೆ. ಆದರೂ ನನ್ನನ್ನು ಕಂಡರೆ ಎಲ್ಲರೂ ದೂರ ಸರಿಯುತ್ತಾರೆ. ತಪ್ಪು ಯಾರದು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕರು. "ತಪ್ಪಿನ ಮಾತು ಆಮೇಲೆ. ಮೊದಲು ಕೂತುಕೋ. ಸುಮ್ಮನೆ ಕೂರುವುದು ನಿನಗೆ ಎಷ್ಟು ಕಷ್ಟವೆಂದು ಬಲ್ಲೆ" ಎಂದವರು ಕತೆ ಶುರು ಮಾಡಿದರು.

ನಮ್ಮ ಕಡೆಯ ಮಿಷನರಿ ದಂಪತಿಗಳು ಸಮುದ್ರ ದಾಟಿ ದೂರದ ಒಂದು ದೇಶಕ್ಕೆ ಹೋದರು. ಅಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳ ಮನೆಯೊಂದಿತ್ತು. ಗಂಡ ಅಲ್ಲಿಗೆ ತಲುಪಿದ ವಾರವೇ ಏಣಿ ಹಾಕಿ ಸೋರುವ ಸೂರು ರಿಪೇರಿ ಮಾಡಿದ. ಹೆಂಡತಿ ಸೆರಗು ಸಿಕ್ಕಿಸಿ ಅಡುಗೆಮನೆಗೆ ಇಳಿದಳು. ಬೆಳಗಿನ ಗಂಟೆ ಬಾರಿಸುವುದು, ನೀರು ತುಂಬುವುದು, ಗಂಜಿ ಕಾಯಿಸುವುದು, ಬಟ್ಟೆಯ ರಾಶಿ ಒಗೆಯುವುದು, ಆಕೆ ಕೈ ಹಾಕದ ಕೆಲಸವಿರಲಿಲ್ಲ. ಆ ಊರಿನ ಮಾತನ್ನೂ ಬೇಗ ಕಲಿತಳು. ಗಟ್ಟಿಗಿತ್ತಿ. ಯಾರಾದರೂ ಒಂದು ಲೋಟ ನೀರು ತಂದುಕೊಟ್ಟರೆ ಮಾತ್ರ, "ಅಯ್ಯೋ, ನಾನೇ ತೆಗೆದುಕೊಳ್ಳುತ್ತಿದ್ದೆನಲ್ಲ" ಎಂದು ಸಂಕೋಚಪಡುತ್ತಿದ್ದಳು.

ಆ ಮನೆಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿತ್ತು. ಬೆಳೆದ ಹುಡುಗಿಯರಲ್ಲಿ ಒಬ್ಬೊಬ್ಬಳ ಕೈಗೂ ಒಂದೊಂದು ಚಿಕ್ಕ ಮಗುವನ್ನು ಒಪ್ಪಿಸುತ್ತಿದ್ದರು. ಆ ಮಗುವಿಗೆ ಸ್ನಾನ ಮಾಡಿಸುವವಳು ಅವಳೇ, ಪಕ್ಕದಲ್ಲಿ ಕೂರಿಸಿಕೊಂಡು ಉಣಿಸುವವಳು ಅವಳೇ. ಸಂಜೆ ಜಗುಲಿಯಲ್ಲಿ ಸಾಲಾಗಿ ಕೂತು ಎಲ್ಲರೂ ತಂತಮ್ಮ ಮಗುವಿನ ತಲೆ ಬಾಚುತ್ತಿದ್ದರು.

ಒಂದು ದಿನ ಆ ಹೆಂಡತಿ, ಎಲ್ಲರ ಪಾಲಿನ ಮಿಷನರಿ ತಾಯಿ, ಅಡುಗೆಮನೆಯಲ್ಲಿ ಹುಡುಗಿಯೊಬ್ಬಳನ್ನು ಕಂಡಳು. ಸೊಂಟದ ಮೇಲೆ ಅವಳ ಪಾಲಿನ ಮಗು, ಕೈಯಲ್ಲಿ ಗಂಜಿಯ ಸೌಟು, ಒಲೆಯ ಪಕ್ಕದಲ್ಲಿ ಮಗುಚಿಟ್ಟ ಶಾಲೆಯ ಪುಸ್ತಕ. ತಾಯಿಯ ಕರುಳು ಚುರ್ ಎಂದಿತು. ಇವಳೇ ಇನ್ನೂ ಮಗು, ಇವಳಿಗೆ ಇದೆಂಥ ಹೊರೆ ಎಂದುಕೊಂಡಳು. ನಾಳೆಯಿಂದ ಚಿಕ್ಕ ಮಕ್ಕಳನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ, ದೊಡ್ಡವರು ಓದಿಕೊಳ್ಳಲಿ ಎಂದು ಅವತ್ತೇ ಸಾರಿಬಿಟ್ಟಳು.

ಮನೆ ನಡೆಸುವ ಮುದುಕಿ, "ಸ್ವಲ್ಪ ದಿನ ನೋಡಿ ಆಮೇಲೆ ಬದಲಾಯಿಸಿದರೆ ಆಗದೇ?" ಎಂದಳು. "ಕಷ್ಟ ಕಣ್ಣಿಗೆ ಬಿದ್ದ ಮೇಲೆ ಕಾಯುವುದೆಂಥದ್ದು?" ಎಂದಳು ತಾಯಿ. ಇಂಥ ಮಾತಿಗೆ ಯಾರು ತಾನೇ ಎದುರಾಡುತ್ತಾರೆ?

ಅಂದಿನಿಂದ ಸಂಜೆಯ ತಲೆಗಳೆಲ್ಲ ತಾಯಿಯ ಪಾಲಿಗೆ ಬಂದವು. ಗಂಡ ಆ ಹುಡುಗಿಗೆಂದೇ ಒಂದು ಮೇಜು ಮಾಡಿಕೊಟ್ಟ. ಹುಡುಗಿ ಮೇಜಿನ ಮುಂದೆ ಕೂತಳು. ಪುಸ್ತಕದ ಹಾಳೆ ಮಾತ್ರ ತಿರುಗಲಿಲ್ಲ. ಒಮ್ಮೊಮ್ಮೆ ಬಾಚಣಿಗೆ ಹಿಡಿದು ಜಗುಲಿಗೆ ಬಂದು ನಿಲ್ಲುತ್ತಿದ್ದಳು. "ನೀನು ಹೋಗಿ ಓದಮ್ಮಾ, ನಾನಿದ್ದೇನಲ್ಲ" ಎಂದು ತಾಯಿ ಅಕ್ಕರೆಯಿಂದಲೇ ಕಳಿಸುತ್ತಿದ್ದಳು. ಹುಡುಗಿಯ ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಓದಿನ ಚಿಂತೆಯಿರಬೇಕು ಎಂದು ತಾಯಿ ಸಮಾಧಾನಪಟ್ಟುಕೊಂಡಳು.

ಒಂದು ಬೆಳಿಗ್ಗೆ ಮುದುಕಿ ಓಡಿಬಂದಳು. ಹುಡುಗಿ ಗಂಟು ಕಟ್ಟಿಕೊಂಡು ಪಟ್ಟಣದ ಲಾರಿ ಹತ್ತಲು ಹೊರಟಿದ್ದಳು, ಯಾರದೋ ಮನೆಗೆಲಸಕ್ಕೆ. ಹಾಗೆ ಹೋದ ಹುಡುಗಿಯರು ಹಿಂದಿರುಗಿ ಬಂದದ್ದಿಲ್ಲ. ಅವರಲ್ಲಿ ಕೆಲವರ ಗತಿಯನ್ನು ಆ ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇವಳಿಗೆ ಆಗಷ್ಟೇ ಹದಿನೆಂಟು ತುಂಬಿತ್ತು, ಕಟ್ಟಿಹಾಕುವಂತಿರಲಿಲ್ಲ.

ತಾಯಿ ಗೇಟಿಗೆ ಓಡಿದಳು. ಗಂಟು ಆಗಲೇ ಲಾರಿಯ ಮೇಲಿತ್ತು.

"ನಿನಗೆ ನಾನೇನು ಕಡಿಮೆ ಮಾಡಿದೆ, ಮಗಳೇ?"

"ಕಡಿಮೆ ಏನೂ ಮಾಡಲಿಲ್ಲ, ಅಮ್ಮ. ಇಷ್ಟು ದೊಡ್ಡ ಮನೆಯಲ್ಲಿ ಬೆಳಿಗ್ಗೆ ಎದ್ದು ನನ್ನನ್ನೇ ಹುಡುಕುವವಳು ಆ ಪುಟ್ಟಿ ಒಬ್ಬಳಿದ್ದಳು. ಈಗ ಅವಳೂ ನಿಮ್ಮನ್ನೇ ಹುಡುಕುತ್ತಾಳೆ. ಇನ್ನು ನಾನು ಯಾರಿಗೆ ಬೇಕು?"

ತಾಯಿಗೆ ಕಪಾಳಕ್ಕೆ ಹೊಡೆದಂತಾಯಿತು. ಆದರೆ ಅಳುತ್ತಾ ನಿಲ್ಲುವ ಜಾಯಮಾನ ಆಕೆಯದಲ್ಲ. ಡ್ರೈವರ್ ಹಾರನ್ ಹೊಡೆಯುತ್ತಿದ್ದ. ಮಗುವನ್ನು ತಂದು ಇವಳ ತೋಳಿಗೆ ಹಾಕಿದರೆ ಅದೂ ತಾನು ಕೊಡುವ ಇನ್ನೊಂದು ದಾನವೇ ಆದೀತು, ಇವಳು ಬೇಕೆಂದು ತೋರಿಸಿದಂತಾಗದು ಎಂದು ಆಕೆಗೆ ಹೊಳೆಯಿತು. ಗಂಡನಿಗೂ ತೋರಿಸದೆ ಮುಚ್ಚಿಟ್ಟಿದ್ದ ಒಂದು ಸಂಗತಿ ಆಕೆಯ ಬಳಿಯಿತ್ತು. ರವಿಕೆಯ ಉದ್ದ ತೋಳನ್ನು ಮೇಲೆ ಸರಿಸಿದಳು. ದಿನಾ ಅಷ್ಟೊಂದು ತಲೆ ಬಾಚಿ ಬಾಚಿ ಮಣಿಕಟ್ಟು ಊದಿಕೊಂಡಿತ್ತು.

"ನನ್ನ ಕೈಲಿ ಆಗುತ್ತಿಲ್ಲ, ಮಗಳೇ. ನನಗೆ ನೀನು ಬೇಕು" ಎಂದಳು. ಆ ಮಾತು ಆಕೆಯ ಬಾಯಿಂದ ಯಾವ ದೇಶದಲ್ಲೂ ಬಂದಿರಲಿಲ್ಲ.

ಹುಡುಗಿ ಆ ಕೈಯನ್ನು ಹಿಡಿದು ನೋಡಿದಳು, ಮೆಲ್ಲಗೆ ಅಮುಕಿದಳು. ತಾಯಿ ಹಲ್ಲು ಕಚ್ಚಿದ್ದನ್ನೂ ಕಂಡಳು. ಸುಳ್ಳಲ್ಲವೆಂದು ಗೊತ್ತಾಯಿತು.

"ಇಷ್ಟು ಊದುವ ತನಕ ಸುಮ್ಮನಿದ್ದಿರಾ? ಚೆನ್ನಾಗಿದೆ ನಿಮ್ಮ ಬುದ್ಧಿ!" ಎಂದು ಗದರಿದಳು. ಲಾರಿಯತ್ತ ತಿರುಗಿ, "ಅಣ್ಣಾ, ನನ್ನ ಗಂಟು ಕೆಳಗೆ ಹಾಕು" ಎಂದು ಕೂಗಿದಳು. ಗಂಟು ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲೂ ನಿಲ್ಲದೆ ಎಣ್ಣೆ ಬಿಸಿ ಮಾಡಲು ಒಳಗೆ ಓಡಿದಳು.

ತಾಯಿ ಜಗುಲಿಯಲ್ಲಿ ಕೂತು ಕೈ ಕೊಟ್ಟಳು. ಹುಡುಗಿ ಎಣ್ಣೆ ತಿಕ್ಕಿದಳು. ತಾಯಿಗೆ ಮೊದಮೊದಲು ನಾಚಿಕೆಯಾಯಿತು, ಆಮೇಲೆ ಹಾಯೆನಿಸಿತು. ಅಂದು ಸಂಜೆ ಚಿಕ್ಕ ಮಕ್ಕಳು ಮತ್ತೆ ತಂತಮ್ಮ ಅಕ್ಕಂದಿರ ಮಡಿಲಿಗೆ ಹೋದವು. ಮೇಜಿನ ಮೇಲಿನ ಪುಸ್ತಕದ ಹಾಳೆಗಳೂ ತಿರುಗತೊಡಗಿದವು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, "ಹಾಗಾದರೆ ಗುರುಗಳೇ, ಅಷ್ಟು ದೂರ ಹೋಗಿ ಆ ತಾಯಿ ಹುಡುಗಿಗೆ ಕೊಟ್ಟಿದ್ದಾದರೂ ಏನು?" ಎಂದ.

"ಅದಿರಲಿ, ನೀನು ಇವತ್ತಿನವರೆಗೆ ಯಾರ ಕೈಯಿಂದ ಏನನ್ನು ತೆಗೆದುಕೊಂಡಿದ್ದೀಯೆ, ಹೇಳು" ಎಂದರು ಗುರುಗಳು.