ಆಂಜಿನಮ್ಮ ಹೇಳಿದ ಹೀಟರ್

"ನಿನ್ ಕಾಲು ಐಸಾಗೈತೆ. ಗಾಡಿಗೊಂದು ಹೀಟರ್ ಹಾಕಿಸ್ಕೊ."

ನನ್ನ ಹೆಂಡತಿ ಆಂಜಿನಮ್ಮ ಕೊನೆಗೆ ಆಡಿದ ಮಾತು ಇದು. ಆಸ್ಪತ್ರೆ ಮಂಚದ ತುದಿಯಲ್ಲಿ ಕೂತಿದ್ದೆ. ಚಳಿ ಅಂತ ಅವಳ ರಗ್ಗಿನೊಳಗೆ ಕಾಲು ತೂರಿಸಿದ್ದೆ. ಅವಳ ಪಾದಕ್ಕೆ ತಾಗಿತು. ಬೈದಳು. ಆಮೇಲೆ ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ.

ಮಕ್ಕಳೇ, ನಾನು ಹೂವಿನ ಲಾರಿ ಓಡಿಸುವವನು. ಓದಿದ್ದು ಕಡಿಮೆ. ನನಗೆ ಬರುವ ಕಥೆ ಇದೊಂದೇ. ನಿಧಾನವಾಗಿ ಹೇಳುತ್ತೇನೆ.

ನಮ್ಮ ಲಾರಿ ಬಹಳ ಹಳೇದು. ಆಂಜಿನಮ್ಮನ ಅಪ್ಪ ಓಡಿಸುತ್ತಿದ್ದದ್ದು. ಮೂತಿ ಉದ್ದ. ಅಂಥ ಗಾಡಿ ಈಗ ರಸ್ತೆಯಲ್ಲಿ ಕಾಣುವುದಿಲ್ಲ. ಕಾರಿನವರು ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ತೋಟದಿಂದ ಸೇವಂತಿಗೆ ಮೂಟೆ ಹೇರಿಕೊಂಡು ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ಹಾಕುವುದು ನಮ್ಮ ಕೆಲಸ. ನಸುಕಿನಲ್ಲೇ ಹೊರಡಬೇಕು. ಆಂಜಿನಮ್ಮ ದಿನಾ ಜೊತೆಗೆ ಬರುತ್ತಿದ್ದಳು. ಎಡಗಡೆ ಸೀಟು ಅವಳದು.

ಚಳಿಗಾಲದಲ್ಲಿ ಇಂಥ ಇಂಜಿನ್ ಬೇಗ ಬಿಸಿಯಾಗುವುದಿಲ್ಲ. ಅದಕ್ಕೆ ನಾವು ಲಾರಿಯ ಮೂತಿಗೆ ಗೋಣಿಚೀಲ ಕಟ್ಟುತ್ತೇವೆ. ರೇಡಿಯೇಟರಿಗೆ ತಣ್ಣನೆ ಗಾಳಿ ಬಡಿಯಬಾರದು ಅಂತ. ಬಿಸಿಯಾದ ಕೂಡಲೇ ಇಳಿದು ಬಿಚ್ಚಬೇಕು. ಮರೆತರೆ ಒಳಗಿನ ನೀರು ಕುದಿಯುತ್ತದೆ. ಇಂಜಿನ್ ಹಿಡಿದುಕೊಳ್ಳುತ್ತದೆ. ಆಮೇಲೆ ಅದು ಬರೀ ಕಬ್ಬಿಣ.

ಬಿಸಿ ತೋರಿಸುವ ಮುಳ್ಳು ನಮ್ಮ ಗಾಡಿಯಲ್ಲಿ ಎಂದೋ ಸತ್ತಿತ್ತು. ಆಂಜಿನಮ್ಮನೇ ನಮ್ಮ ಮುಳ್ಳು. ಚಪ್ಪಲಿ ಬಿಟ್ಟು, ಇಂಜಿನ್ ಕಡೆಯ ತಗಡಿಗೆ ಅಂಗಾಲು ಒತ್ತಿ ಕೂರುತ್ತಿದ್ದಳು. ನಿದ್ದೆ ಮಾಡುತ್ತಿದ್ದಾಳೆ ಅಂದುಕೊಳ್ಳುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಹೇಳುವಳು.

"ನಿಲ್ಸು. ಗೋಣಿ ಬಿಚ್ಬೇಕು."

ತಾನೇ ಇಳಿದು ಬಿಚ್ಚುವಳು. ಒಂದು ದಿನವೂ ತಪ್ಪಿದ್ದಿಲ್ಲ.

"ನಿನ್ ಕಾಲಿಗೆ ಹೆಂಗೇ ಗೊತ್ತಾಗ್ತದೆ?" ಅಂತ ಕೇಳಿದ್ದೆ.

"ನಿಂಗೆ ಸಿಟ್ಟು ಬರೋದು ನಂಗೆ ಗೊತ್ತಾಗಲ್ವಾ? ಹಂಗೇ," ಅಂದಿದ್ದಳು.

ನನ್ನ ಕಡೆ ಪೆಡಲ್ಲುಗಳ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ನನ್ನ ಕಾಲು ಯಾವತ್ತೂ ತಣ್ಣಗೆ.

ಅವಳು ಹೋದ ಮೇಲೆ ನಾನು ಅಳಲಿಲ್ಲ. ಒಂದು ಸಲ ಶುರುವಾದರೆ ನಿಲ್ಲುತ್ತದೋ ಇಲ್ಲವೋ ಅಂತ ಭಯ. ತೋಟದ ಅಕ್ಕಯಮ್ಮ ಅವಳ ಗೆಳತಿ. ಮೂಟೆ ಹೇರಿಸುವಾಗ ದಿನಾ ಕೇಳುವಳು.

"ಹೆಂಗಿದೀಯಣ್ಣ?"

"ಚೆನ್ನಾಗಿದೀನಿ."

ಅಷ್ಟು ಹೇಳಿ ಗೇರ್ ಹಾಕುತ್ತಿದ್ದೆ.

ಮತ್ತೆ ಚಳಿ ಬಂತು. ಅವಳ ಮಾತು ನೆನಪಾಯಿತು. ಹೀಟರ್ ಹಾಕಿಸಬೇಕು. ಬಿಸಿ ತೋರಿಸಲು ಹೊಸ ಮುಳ್ಳೂ ಬೇಕು. ಅವಳ ಅಂಗಾಲು ಇಲ್ಲವಲ್ಲ. ಇಂಜಿನ್ ಹೋದರೆ ಲಾರಿ ಗುಜರಿಗೆ ಹೋಗುತ್ತದೆ. ಅದರ ಜೊತೆ ಅವಳು ಕೂರುತ್ತಿದ್ದ ಸೀಟೂ ಹೋಗುತ್ತದೆ. ನನಗೆ ಉಳಿದಿದ್ದು ಆ ಸೀಟೊಂದೇ.

ಮೆಕ್ಯಾನಿಕ್ ಬಾಬಾಜಾನ್ ನನ್ನ ಹಳೇ ಸ್ನೇಹಿತ. ಗುಜರಿಗೆ ಬಂದ ಬಸ್ಸಿನಿಂದ ಒಂದು ಹೀಟರ್ ಡಬ್ಬಿ ಬಿಚ್ಚಿ ತಂದ. ಇಂಜಿನ್ನಿನ ತಲೆಯಿಂದ ಒಂದು ರಬ್ಬರ್ ಪೈಪು ಎಳೆದ. ಬಿಸಿ ನೀರು ಅದರಲ್ಲಿ ಡಬ್ಬಿಗೆ ಬರಬೇಕು. ಇನ್ನೊಂದು ಪೈಪಿನಲ್ಲಿ ಪಂಪಿಗೆ ವಾಪಸ್ಸು ಹೋಗಬೇಕು. ಡಬ್ಬಿಯ ಹಿಂದೆ ಸಣ್ಣ ಫ್ಯಾನು. ಅದರ ಗಾಳಿ ನನ್ನ ಕಾಲಿಗೆ. ಆಮೇಲೆ ಇಂಜಿನ್ನಿಗೆ ಬಿಸಿ ಅಳೆಯುವ ಎರಡು ಸೆನ್ಸರ್ ತಿರುಗಿಸಿ ಕೂಡಿಸಿದ. ಒಂದು ಮುಳ್ಳಿಗೆ. ಇನ್ನೊಂದು, ಬಿಸಿ ಮೀರಿದರೆ ಹತ್ತುವ ಕೆಂಪು ದೀಪಕ್ಕೆ.

"ಸೆನ್ಸರ್ ಹತ್ರ ಸ್ವಲ್ಪ ತೊಟ್ಟಿಕ್ತದೆ. ಇರ್ಲಿ ಬಿಡು. ಮನೆಗೆ ಅಳಿಯ ಬಂದವ್ನೆ, ಉಂಡು ಬಂದು ನೋಡ್ತೀನಿ. ನೀನು ಕೈ ಹಾಕ್ಬೇಡ ಗಂಗುಲಣ್ಣ," ಅಂದ.

ಕೂತು ನೋಡಿದೆ. ಒಂದೊಂದೇ ಹನಿ ಬೀಳುತ್ತಿತ್ತು. ನೋಡಲಾಗಲಿಲ್ಲ. ನಲ್ಲಿಗೆ ಸುತ್ತುವ ಬಿಳಿ ಟೇಪು ಅಲ್ಲೇ ಇತ್ತು. ಎರಡು ಸೆನ್ಸರನ್ನೂ ಬಿಚ್ಚಿದೆ. ಅವುಗಳ ತಿರುಪಿನ ಮೇಲೆಲ್ಲ ಟೇಪು ಸುತ್ತಿದೆ. ಸುತ್ತಿನ ಮೇಲೆ ಸುತ್ತು. ಬಿಗಿಯಾಗಿ ತಿರುಗಿಸಿದೆ. ಹನಿ ನಿಂತಿತು. ಬಾಬಾಜಾನ್ ಬರುವ ತನಕ ಕಾಯಲಿಲ್ಲ. ಗಾಡಿ ತಗೊಂಡು ಬಂದೆ.

ಮಾರನೇ ದಿನ ನಸುಕಿಗೆ ಗೋಣಿ ಕಟ್ಟಿದೆ. ಹೂ ಹೇರಿಕೊಂಡೆ. ಅಕ್ಕಯಮ್ಮ ಕೇಳಿದಳು, ಚೆನ್ನಾಗಿದೀನಿ ಅಂದೆ, ಹೊರಟೆ. ಮಂಜು ದಟ್ಟವಾಗಿತ್ತು. ಹೀಟರ್ ಹಾಕಿದೆ. ಸ್ವಲ್ಪ ಹೊತ್ತಿಗೆ ಕಾಲಿಗೆ ಬೆಚ್ಚನೆ ಗಾಳಿ ಬಂತು.

"ಬೆಚ್ಚಗಾಯ್ತು ಕಣೇ," ಅಂದೆ.

ಎಡಗಡೆ ಸೀಟು ಖಾಲಿ.

ಮುಳ್ಳು ನೋಡಿದೆ. ಕೆಳಗೇ ಇತ್ತು. ಇಂಜಿನ್ ಇನ್ನೂ ತಣ್ಣಗಿದೆ, ಗೋಣಿ ಇರಲಿ ಅಂದುಕೊಂಡೆ. ಏರು ರಸ್ತೆ ಬಂತು. ಬಿಸಿಲು ಬಂತು. ಮುಳ್ಳು ಏಳಲಿಲ್ಲ. ಕೆಂಪು ದೀಪವೂ ಇಲ್ಲ. ಹೊಸ ಸಾಮಾನು. ನಂಬಿದೆ.

ಕಾಲು ಮಾತ್ರ ಸುಡತೊಡಗಿತು. ಒಲೆ ಮುಂದೆ ಕೂತ ಹಾಗೆ. ಬಸ್ಸಿನ ಹೀಟರ್, ಜೋರು ಜಾಸ್ತಿ ಅಂದುಕೊಂಡೆ. ಗಾಡಿ ನಿಧಾನ ಮಾಡಿ, ಹೀಟರಿಗೆ ಬಿಸಿ ನೀರು ಬಿಡುವ ನಲ್ಲಿ ಸಣ್ಣ ಮಾಡಲು ಬಗ್ಗಿದೆ. ಆಗ ಎಡಗಡೆಯ ತಗಡು ಕಂಡಿತು. ಅವಳ ಅಂಗಾಲು ಉಜ್ಜಿ ಉಜ್ಜಿ ಅಲ್ಲಿ ಬಣ್ಣ ಹೋಗಿತ್ತು. ಎರಡು ಪಾದದಷ್ಟು ಜಾಗ ಹೊಳೆಯುತ್ತಿತ್ತು. ಯಾಕೋ ಅಲ್ಲಿ ಅಂಗೈ ಇಟ್ಟೆ.

ಚುರ್ ಅಂತು. ಕೈ ಎಳೆದುಕೊಂಡೆ.

ನಿಲ್ಸು, ಗೋಣಿ ಬಿಚ್ಬೇಕು. ಯಾರೂ ಹೇಳಲಿಲ್ಲ. ಆದರೂ ನಿಲ್ಲಿಸಿದೆ.

ಓಡಿಹೋಗಿ ಗೋಣಿ ಕಿತ್ತೆ. ಮೂತಿಯಿಂದ ಹಬೆ ಏಳುತ್ತಿತ್ತು. ಇಂಥ ಹೊತ್ತಲ್ಲಿ ಇಂಜಿನ್ ತಟ್ಟನೆ ಆರಿಸಬಾರದು. ಸಣ್ಣಗೆ ಓಡುತ್ತಿರಲು ಬಿಟ್ಟೆ. ಹೀಟರಿನ ನಲ್ಲಿ ಪೂರ್ತಿ ತೆರೆದೆ. ಇಂಜಿನ್ನಿನ ಬಿಸಿಯೆಲ್ಲ ಆ ಸಣ್ಣ ಫ್ಯಾನಿನಿಂದ ಹೊರಗೆ ಬರಲಿ ಅಂತ. ಬಾಗಿಲು ತೆರೆದಿಟ್ಟು ರಸ್ತೆಯಲ್ಲಿ ನಿಂತೆ.

ಹಾಲಿನ ವ್ಯಾನಿನವನು ಪಕ್ಕದಲ್ಲಿ ಹೋಗುತ್ತಾ ಕೂಗಿದ. "ಏನ್ ತಾತ, ಲಾರೀಲೇ ಇಡ್ಲಿ ಬೇಯಿಸ್ತಿದೀಯಾ?"

ನನಗೆ ನಗು ಬರಲಿಲ್ಲ.

ಹಬೆ ನಿಂತಿತು. ಇಂಜಿನ್ ತಣ್ಣಗಾದ ಮೇಲೆ ನೀರು ತುಂಬಿದೆ. ಹೂ ಇಳಿಸಿ ನೇರ ಬಾಬಾಜಾನನ ಹತ್ತಿರ ಹೋದೆ. ಅವನು ಮೊದಲು ಇಂಜಿನ್ನಿನ ಎಣ್ಣೆ ಕಡ್ಡಿ ಎಳೆದು ನೋಡಿದ. ನೀರು ಸೇರಿದ್ದರೆ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ. ನಾನು ಅವನ ಮುಖ ನೋಡುತ್ತಿದ್ದೆ.

"ಕಪ್ಪಗೇ ಐತೆ. ಬದುಕ್ತು," ಅಂದ.

ನಾನು ಅಲ್ಲೇ ಟೈರಿನ ಮೇಲೆ ಕೂತೆ.

ಆಮೇಲೆ ಸೆನ್ಸರ್ ಬಿಚ್ಚಿದ. ಬಿಳಿ ಟೇಪು ನೋಡಿದ. ಒಂದು ತುದಿ ಹಿಡಿದು ಎಳೆದ. ಎಳೆಯುತ್ತಲೇ ಇದ್ದ.

"ಏನ್ ಗಂಗುಲಣ್ಣ, ಇದಕ್ಕೇನು ಕೈ ಮುರಿದಿತ್ತಾ, ಈ ಪಾಟಿ ಕಟ್ಟು ಹಾಕಿದೀಯಾ?"

"ಸೋರ್ತಿತ್ತು."

"ಸೋರ್ಲಿ. ಒಂದು ಸುತ್ತು ಸಾಕಿತ್ತು. ಇದಕ್ಕೆ ಇರೋದು ಒಂದೇ ತಂತಿ. ಕರೆಂಟಿಗೆ ಇನ್ನೊಂದು ದಾರಿ ಇಂಜಿನ್ ಮೈನೇ. ಕಬ್ಬಿಣಕ್ಕೆ ಕಬ್ಬಿಣ ಮುಟ್ಟಿದ್ರೆ ತಾನೆ ಮುಳ್ಳು ಏಳೋದು? ನೀನು ಮುಟ್ಟಕ್ಕೇ ಬಿಟ್ಟಿಲ್ಲ. ಒಳಗೆ ಕುದಿದು ಸಾಯ್ತಿದ್ರೂ ಅದು 'ಚೆನ್ನಾಗಿದೀನಿ, ಚೆನ್ನಾಗಿದೀನಿ' ಅಂತಾನೇ ಇರ್ತದೆ."

ಟೇಪು ಉಂಡೆ ಮಾಡಿ ಎಸೆದ. ನನ್ನ ಕಡೆ ನೋಡಿದ.

"ಥೇಟ್ ನಿನ್ ತರಾನೇ," ಅಂದ.

ತಿರುಪು ಒರೆಸಿ, ಒಂದೇ ಸುತ್ತು ಟೇಪು ಹಾಕಿ, ಕೂಡಿಸಿಕೊಟ್ಟ. ಒಂದು ಹನಿ ಬಿತ್ತು. ಇಬ್ಬರೂ ನೋಡಿದೆವು. ಬಿಟ್ಟೆವು.

ಮಾರನೇ ಬೆಳಿಗ್ಗೆ ಗೋಣಿ ಕಟ್ಟಿ, ಇಂಜಿನ್ ಶುರು ಮಾಡಿಕೊಂಡು ತೋಟಕ್ಕೆ ಹೋದೆ. ದಾರಿಯಲ್ಲೇ ಮುಳ್ಳು ಏಳತೊಡಗಿತು. ನಿಧಾನವಾಗಿ ನಡುವಿಗೆ ಬಂತು. ತೋಟದ ಬಾಗಿಲಲ್ಲಿ ನಿಲ್ಲಿಸಿ, ಇಳಿದು, ಗೋಣಿ ಬಿಚ್ಚಿದೆ. ಮಡಚಿ ಎಡಗಡೆ ಸೀಟಿನ ಮೇಲೆ ಇಟ್ಟೆ. ಅವಳು ಇಡುತ್ತಿದ್ದ ಹಾಗೆ.

ಅಕ್ಕಯಮ್ಮ ಮೂಟೆ ಹೊತ್ತು ಬಂದಳು.

"ಹೆಂಗಿದೀಯಣ್ಣ?"

ಕಾಲು ಬೆಚ್ಚಗಿತ್ತು. ಬಾಯಿಗೆ ಹಳೇ ಮಾತೇ ಬಂತು. ನುಂಗಿದೆ.

"ಚೆನ್ನಾಗಿಲ್ಲ ಕಣಮ್ಮ," ಅಂದೆ. "ಅವಳು ಬೇಕು ಅನ್ನಿಸ್ತದೆ."

ಅಕ್ಕಯಮ್ಮ ಮೂಟೆ ಕೆಳಗಿಟ್ಟಳು. ನಾನು ಲಾರಿಯ ಮಡ್‌ಗಾರ್ಡಿಗೆ ಒರಗಿ ಅತ್ತೆ. ಇಂಜಿನ್ ಓಡುತ್ತಲೇ ಇತ್ತು.

ನೀತಿ: ಸೋರೀತು ಅಂತ ಹೆದರಿ ಮನಸ್ಸನ್ನು ತೀರಾ ಬಿಗಿದು ಸುತ್ತಬೇಡಿ. ಒಳಗಿನ ಬಿಸಿ ಹೊರಗೆ ತಿಳಿಯಬೇಕಾದರೆ ಎಲ್ಲೋ ಒಂದು ಕಡೆ ಇನ್ನೊಬ್ಬರಿಗೆ ಮುಟ್ಟಿಕೊಂಡಿರಬೇಕು. ಹೇಗಿದ್ದೀಯ ಅಂತ ಅಕ್ಕರೆಯಿಂದ ಕೇಳಿದವರಿಗೆ ನಿಜ ಹೇಳಿ.