ಬೇಟೆಗಾರ ಉಳಿಸಿದ ನೇರಳೆ ಮರ

ನೇರಳೆಯ ಕಾಲ ಮುಗಿಯುತ್ತ ಬಂದಿತ್ತು. ಬೇಟೆಗಾರನೊಬ್ಬ ಕಾಡಿನ ನೇರಳೆ ಮರಗಳನ್ನೆಲ್ಲ ಬಡಿದು ಬರಿದು ಮಾಡಿ, ಬಂಡೆಯ ಪಕ್ಕದ ಒಂದು ಮರವನ್ನು ಮಾತ್ರ ಮುಟ್ಟದೆ ಬಿಟ್ಟ.

ಮರಿಯನ್ನು ಬೆನ್ನ ಮೇಲೆ ಹೊತ್ತು ಬಂದ ಕರಡಿಗೆ ಆ ಮರ ಹೆಮ್ಮೆಯಿಂದ ಹೇಳಿತು: "ಅವನು ಪುಣ್ಯಾತ್ಮ. ನನ್ನದೊಂದು ಹಣ್ಣನ್ನೂ ಕೀಳಲಿಲ್ಲ."

ಕರಡಿ ಗಾಳಿ ಮೂಸಿತು. "ಪುಣ್ಯಾತ್ಮ ಬಂಡೆಯ ಹಿಂದೆಯೇ ಕೂತಿದ್ದಾನೆ. ಕಾಡೆಲ್ಲ ನನ್ನನ್ನು ಹುಡುಕುವ ಕಷ್ಟ ಅವನಿಗೆ ಬೇಡವಾಗಿತ್ತು, ಅಷ್ಟೆ."

ಮರ ಗಾಬರಿಯಿಂದ ಕೂಗಿತು: "ಅಯ್ಯೋ, ಹಾಗಾದರೆ ತಿರುಗಿ ಹೋಗು ತಾಯಿ!"

"ಎಲ್ಲಿಗೆ ಹೋಗಲಿ? ಗೆದ್ದಲು ಸಿಗುವ ಹುತ್ತಗಳನ್ನೂ ಅಗೆದು ಹಾಕಿದ್ದಾನೆ. ನನ್ನ ಹೊಟ್ಟೆಗೆ ಏನಾದರೂ ಬೀಳದೆ ಈ ಮರಿಗೆ ಹಾಲಿಲ್ಲ."

ಕರಡಿ ಮರಿಯನ್ನು ಪೊದೆಯಲ್ಲಿ ಇಳಿಸಿ ಬಂದು, ಹಿಂಗಾಲ ಮೇಲೆ ನಿಂತು ಕೊಂಬೆಗೆ ಕೈ ಚಾಚಿತು. ಇದ್ದ ಹಣ್ಣನ್ನೆಲ್ಲ ಒಮ್ಮೆಗೇ ಉದುರಿಸಿ ಕರಡಿಯನ್ನು ಬೇಗ ಕಳಿಸಲು ಮರ ಒದ್ದಾಡಿತು. ಗಾಳಿ ಬೀಸಲಿಲ್ಲ.

ಗುಂಡು ಹಾರಿತು; ಕರಡಿ ಮರದ ಬುಡಕ್ಕೆ ಉರುಳಿತು. ಗುಂಡಿನ ಸದ್ದಿಗೆ ಹಣ್ಣುಗಳು ಪಟಪಟನೆ ಉದುರಿದವು. ತಿನ್ನಲು ಮರಿ ಪೊದೆಯಿಂದ ಓಡಿ ಬಂತು.

ಮರಿಯ ಕೊರಳಿಗೆ ಹಗ್ಗ ಬಿಗಿದ ಬೇಟೆಗಾರ ಹೊರಡುವ ಮುನ್ನ ಮರದ ಬೊಡ್ಡೆಯನ್ನು ಪ್ರೀತಿಯಿಂದ ತಟ್ಟಿ ಹೇಳಿದ: "ಬರೋ ವರ್ಷವೂ ಹೀಗೇ ಹಣ್ಣು ಬಿಡವ್ವ."